ಬಲಗಡೆ ಬರೆದದ್ದು

ದಿನವೂ ಮಾಡಿದ ಒಳ್ಳೆಯದನ್ನು ಡೈರಿಯ ಬಲಗಡೆ, ಕೆಟ್ಟದ್ದನ್ನು ಎಡಗಡೆ ಬರೆಯುವುದು ನನ್ನ ಅಭ್ಯಾಸ. ಮನೆಯಲ್ಲಿರುವುದು ನಾನು ಮತ್ತು ಕಣ್ಣು ಕಾಣದ ಅಪ್ಪ, ಇಬ್ಬರೇ. ಮೊನ್ನೆ ಆಫೀಸಿನಿಂದ ಸುಸ್ತಾಗಿ ಬಂದವನು, ಅಪ್ಪ ವಾಕಿಂಗಿಗೆ ಕರೆದರೂ ಕೇಳಿಸದವನಂತೆ ಹಾಸಿಗೆಗೆ ಬಿದ್ದುಕೊಂಡೆ. ಆದರೂ ಬಲಗಡೆಯೇ ಬರೆದೆ: 'ಅಪ್ಪನನ್ನು ಕೆರೆಯ ದಂಡೆಗೆ ಕರೆದೊಯ್ದೆ.' ಅದು ಡೈರಿಯ ಮೊದಲ ಸುಳ್ಳು.

ಬೆಳಿಗ್ಗೆ ಅಪ್ಪನ ಚಪ್ಪಲಿಗೆ ಹಸಿ ಕೆಸರು ಮೆತ್ತಿತ್ತು.

"ಅಷ್ಟು ದೂರ ನಡೆಸೋದೇನೋ, ಕಳ್ಳ? ಮೊಣಕಾಲು ಹಿಡ್ಕೊಂಡ್ಬಿಟ್ಟಿದೆ."

"ಯಾರ ಜೊತೆ ಹೋಗಿದ್ದೆ ಅಪ್ಪಾ?"

"ತಮಾಷೆ ಸಾಕು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ ನೀನು. ನಿನ್ ಕೈ ಎಷ್ಟು ತಣ್ಣಗಿತ್ತೋ!"

ಅಂದು ಸಂಜೆ ಬೇಗ ಬಂದು, ಏನೂ ಮಾತಾಡದೆ ಅಪ್ಪನ ಕೈ ಹಿಡಿದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಮೆಲ್ಲಗೆ ಬಿಟ್ಟರು.

"ಯಾರಪ್ಪಾ ನೀವು? ಕೂತ್ಕೊಳ್ಳಿ, ನನ್ ಮಗ ಈಗ ಬರ್ತಾನೆ."