ಡೇರೆಯಲ್ಲಿದ್ದ ಕಾರ್ಯದರ್ಶಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಾಚನಾಲಯದ ಅಧ್ಯಕ್ಷ ಮಡಿವಾಳಯ್ಯನವರು ಸೇಡಂ ಠಾಣೆಗೆ ಬಂದರು. ಹಿಂದೆ ಕಾರ್ಯದರ್ಶಿ ವಾಸುದೇವರಾಯರು. ರಾಯರು ಬರೆದ ದೂರಿಗೆ ಅಧ್ಯಕ್ಷರ ಸಹಿ ಇತ್ತು. ವಾಚನಾಲಯದ ಹಳೆಯ ತೈಲಚಿತ್ರ ಕಾಣೆಯಾಗಿತ್ತು. ಅದರಲ್ಲಿ ಯುದ್ಧದ ನಡುವೆ ಡೇರೆಯಲ್ಲಿ ನಿಂತು ಪತ್ರ ಹೇಳಿ ಬರೆಸುತ್ತಿರುವ ರಾಜ; ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿರುವ ಅವನ ಕಾರ್ಯದರ್ಶಿ.

“ಪಟಕ್ಕ ಕಟ್ಟು ಹಾಕೋ ವಾಡಿ ಚಾಂದ್‌ನ ಕೆಲಸರಿ ಇದು,” ಎಂದರು ಮಡಿವಾಳಯ್ಯ. “ಶನಿವಾರ ಚೌಕಟ್ಟಿಗಂತ ಅಳತಿ ತಗೊಂಡ. ನಿನ್ನೆ ಬಾಗಲಾ ಹಾಕಿತ್ತು. ಇವತ್ತ ಪಟ ಇಲ್ಲ.”

ಪಿಎಸ್‌ಐ ಮೈತ್ರಿ ಎಫ್‌ಐಆರ್ ದಾಖಲಿಸಿದಳು. ಠಾಣೆಗೆ ಹೊಸಬಳು. ಪ್ರತಿ ಸಹಿಗೂ ಮುನ್ನ ಆಕೆಯ ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು.

ವಾಚನಾಲಯದಲ್ಲಿ ಪಂಚನಾಮೆಯ ಹೊತ್ತಿಗೆ ಕಂಡದ್ದು ಇಷ್ಟು. ಬೀಗ ಮುರಿದಿಲ್ಲ. ಸುಣ್ಣದ ಗೋಡೆಯ ಮೇಲೆ ಚೌಕಟ್ಟು ಉತ್ತರಕ್ಕೆ ಸರಿದ ಗೀರು. ಕೆಳಗೆ ಇರುವೆಗಳು ಎಳೆಯುತ್ತಿದ್ದ ಕೆಂಪು ಅಕ್ಕಿಕಾಳು.

“ಅಕ್ಕಿಕಾಳೂ ಬರೀಬೇಕೇನ್ರಿ ಮೇಡಂ?” ಹೆಡ್ ಕಾನ್‌ಸ್ಟೆಬಲ್ ವಿಠ್ಠಲ್ ನಕ್ಕ.

“ಬರೀರಿ. ಇಲ್ಲಂದ್ರ ನನಗ ನಿದ್ದಿ ಬರಂಗಿಲ್ಲ.”

ಮಧ್ಯಾಹ್ನ ಚಾಂದ್‌ನ ಅಂಗಡಿ ಶೋಧಿಸಿದರು. ಗಾಜು, ಕಟ್ಟಿಗೆ ಪಟ್ಟಿ, ಬೇರೇನಿಲ್ಲ.

“ನಾ ಅಳತಿ ಒಯ್ದೀನ್ರಿ ಮೇಡಂ, ರಾಜಾನ್ನ ಒಯ್ದಿಲ್ಲ,” ಎಂದ ಚಾಂದ್. “ಅದೂ ಅರ್ಧ ಅಳತಿ.”

“ಅರ್ಧ ಯಾಕ?”

“ಹೊಸ ಹಾಲ್‌ನಾಗ ಜಾಗಾ ಸಣ್ಣದಂತ. ರಾಜಾ ಇದ್ರ ಸಾಕು, ಬರಿಯಾಂವನ್ನ ಕತ್ತರಿಸಿ ತಗೀ ಅಂದ್ರು ಅಧ್ಯಕ್ಷರು.”

ವಿಚಾರಣೆಗೆಂದು ಅವನನ್ನು ಠಾಣೆಗೆ ಕರೆತಂದರು. ಬೆನ್ನಿಗೇ ಬಸ್ಸು ಹಿಡಿದು ಬಂದ ಹೆಂಡತಿ ನಜಮುನ್ನೀಸಾ ಬಾಗಿಲ ಬೆಂಚಿನ ಮೇಲೆ ಕುಳಿತಳು.

“ಇವತ್ತ ಮನೀಗೆ ಕಳಸ್ತೀರೇನ್ರಿ ಅಕ್ಕಾ? ಒಂದ್ಸಲ ಒಳಗ ಹೋದ್ರ ಆಮ್ಯಾಲ ಕೆಲಸಕ್ಕ ಯಾರು ಅವರನ್ನ ಮನೀಗೆ ಕರೀತಾರ್ರಿ?”

ಅಧ್ಯಕ್ಷರು ಮೈತ್ರಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಬಿಟ್ಟರೆ ಕಳ್ಳನನ್ನು ಬಿಟ್ಟಂತಾದರೆ? ಹಿಡಿದರೆ ನಿರಪರಾಧಿಯನ್ನು ಹಿಡಿದಂತಾದರೆ? ಪಂಚನಾಮೆಯಲ್ಲಿ ಎತ್ತಿಟ್ಟಿದ್ದ ಅಕ್ಕಿಕಾಳುಗಳನ್ನು ಮೇಜಿನ ಮೇಲೆ ಸುರಿದುಕೊಂಡಳು.

ಈಗ ವಿಠ್ಠಲ್ ನಗಲಿಲ್ಲ. “ಇದು ಅಕ್ಷತಿ ಮೇಡಂ. ಪೂಜಾ ಮಾಡಿದ್ದನ್ನ ಸುಮ್ನ ಎತ್ತಂಗಿಲ್ರಿ ನಮ್ಮನ್ಯಾಗ. ಅಕ್ಷತಿ ಹಾಕಿ ಉತ್ತರಕ್ಕ ಒಂಚೂರು ಸರಸ್ತೀವಿ, ಆಮ್ಯಾಲ ಎತ್ತೋದು.”

“ಆ ಪಟಕ್ಕ ಪೂಜಾ ಮಾಡೋರು ಯಾರು?”

“ದಸರಾದಾಗ ಅದರ ಮುಂದ ಪೆನ್ನಿಟ್ಟು ಪೂಜಾ ಮಾಡ್ತಾರ, ರಾಯರು.”

ಸಂಜೆ ಐದಕ್ಕೆ ವಾಸುದೇವರಾಯರು ಎದುರು ಕುಳಿತರು.

“ಬೀಗದಕೈ ಯಾರ ಹತ್ರ ಇರ್ತದ?”

“ಅಧ್ಯಕ್ಷರ ಹತ್ರ, ನನ್ನ ಹತ್ರ.”

“ಪಟ?”

ರಾಯರು ಕಾಳುಗಳನ್ನು ನೋಡಿದರು. “ಚಿತ್ತಾಪುರದಾಗ, ಮಗಳು ಪ್ರಮಿತಾನ ಮನ್ಯಾಗ ಅದರಿ. ಆಕಿಗೆ ಏನೂ ಗೊತ್ತಿಲ್ಲ.”

“ಕತ್ತರಿಸಬ್ಯಾಡ್ರಿ ಅಂತ ಹೇಳಬಾರದಿತ್ತಾ?”

“ಹೇಳಿದೆ. ‘ಠರಾವು ಬರ್ಕೋರಿ’ ಅಂದ್ರು. ಬರಕೊಂಡೆ. ನಾನೇ ಬರದೀನಿ, ಆ ಬರಿಯಾಂವನ್ನ ಕತ್ತರಿಸಬೇಕಂತ.”

“ಕಳವು ಚಾಂದ್‌ನ ಮ್ಯಾಲ ಬಂತಲ್ರಿ?”

“ದೂರಿನ್ಯಾಗ ಅವನ ಹೆಸರು ಬರೀಲಿಲ್ರಿ ನಾ.” ತಲೆ ತಗ್ಗಿತು. “ಬಾಯಿಬಿಟ್ಟು ಅಲ್ಲ ಅನಬೇಕಿತ್ತು. ಅನಲಿಲ್ಲ.”

ಏಳಕ್ಕೆ ವಿಠ್ಠಲ್ ಚಿತ್ತಾಪುರದಿಂದ ಚಿತ್ರ ಜಪ್ತಿ ಮಾಡಿ ತಂದ. ಹಳೆಯ ಧೋತರದಲ್ಲಿ ಸುತ್ತಿದ್ದ ಚಿತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ರಾಯರ ಬಂಧನದ ಕಾಗದಕ್ಕೆ ಮೈತ್ರಿ ಸಹಿ ಹಾಕಿದಳು. ಪೆನ್ನು ತಡೆಯಲಿಲ್ಲ. ಚಾಂದ್‌ನನ್ನು ಕಳಿಸಿಕೊಟ್ಟಾಗ ಬೆಳಗಿನಿಂದ ಆಕೆಯ ಎದೆಯ ಮೇಲಿದ್ದ ಚಪ್ಪಡಿಕಲ್ಲು ಇಳಿದಂತಾಯಿತು.

“ಪೂರಾ ಅಳತಿ ತಗೊಂಡು ಹೋಗ್ತೀನ್ರಿ ಮೇಡಂ, ಇಬ್ಬರದೂ,” ಎಂದು ಚಾಂದ್ ಟೇಪು ಬಿಚ್ಚಿದ. ನಜಮುನ್ನೀಸಾ ಅವನ ತೋಳು ಹಿಡಿದೆಳೆದಳು. “ನಡೀರಿ ಸಾಕು, ಅಳತಿ ಮಾಡೇ ಇಲ್ಲಿಗೆ ಬಂದ್ರಿ!”

ಸುದ್ದಿ ತಿಳಿದು ಬಂದ ಮಡಿವಾಳಯ್ಯ, ತಾವು ಕತ್ತರಿಸಲು ಹೇಳಿದ್ದ ಬರೆಯುವವನ ಮೇಲೆ ಬೆರಳಾಡಿಸಿದರು. ರಾಯರ ಜಾಮೀನಿಗೆ ತಮ್ಮ ತಕರಾರಿಲ್ಲವೆಂದು ಅರ್ಜಿ ಕೊಡುತ್ತೇನೆಂದರು. ಬರೆಯುವವರಿಗಾಗಿ ಅಭ್ಯಾಸದಂತೆ ಎಡಕ್ಕೆ ತಿರುಗಿದರು. ಅಲ್ಲಿ ಕಾನ್‌ಸ್ಟೆಬಲ್ ಪಕ್ಕ ವಾಸುದೇವರಾಯರು ಕುಳಿತಿದ್ದರು. ಅವರ ಕೈ ತನ್ನಷ್ಟಕ್ಕೆ ಜೇಬಿನ ಪೆನ್ನಿಗೆ ಹೋಗಿತ್ತು.

ಮೈತ್ರಿ ಹಾಳೆಯನ್ನು ಅಧ್ಯಕ್ಷರ ಕಡೆ ಸರಿಸಿದಳು.

“ಇದೊಂದು ನೀವೇ ಬರೀರಿ.”