ದೊರೆಯ ಚಾಪೆ

ನಾಯಿಯ ಮುಂಗಾಲಿನ ಉಗುರನ್ನು ಅವಳು ಸಣ್ಣ ಅರದಿಂದ ಉಜ್ಜುತ್ತಿದ್ದಳು. ನಾಳೆ ಶಾಲೆಗೆ ಹೋಗುವ ದಿನ. ಮನಸ್ಸು ನೊಂದ ಮಕ್ಕಳು ತಬ್ಬಿಕೊಳ್ಳುವ ನಾಯಿಗೆ ಮೊನೆಯುಗುರು ಇರಕೂಡದು. ದೊರೆ, ಹೆಸರಿಗೆ ತಕ್ಕಂತೆ, ಪಾದ ಒಪ್ಪಿಸಿ ಕಣ್ಣುಮುಚ್ಚಿದ್ದ.

ಬಾಗಿಲಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದರು. ಅವಳನ್ನು ಕದ್ದು ನೋಡುವುದು, ಸಿಕ್ಕಿಬಿದ್ದ ಕೂಡಲೇ ಗೋಡೆ ನೋಡುವುದು ಅವರ ಎಂದಿನ ಆಟ. ಇವತ್ತು ಚಪ್ಪಲಿಯನ್ನಷ್ಟೇ ನೋಡುತ್ತಿದ್ದರು.

"ನಾಳೆಯಿಂದ ದೊರೆ ಬರೋದು ಬೇಡವಂತೆ. ಹೆಡ್‌ಮೇಡಂ ಹೇಳಿದ್ರು."

ಅರ ನಿಂತಿತು. "ಯಾಕಂತೆ?"

"ತಪ್ಪು ನಂದೇ."

ಹೋದ ವಾರ ದೊರೆಗೆ ಕಣ್ಣು ಕೆಂಪಾಗಿ ಅವಳು ಶಾಲೆಗೆ ಹೋಗಿರಲಿಲ್ಲ. ಅಪ್ಪ ತೀರಿಕೊಂಡಾಗಿನಿಂದ ಯಾರೊಂದಿಗೂ ಮಾತಾಡದ, ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುವ ಪುಟ್ಟಿ ಅಂದು ಮೇಜಿನಡಿ ಸೇರಿಕೊಂಡಿದ್ದಳು. ಮೇಷ್ಟ್ರು ಹೋಗಿ ಪಕ್ಕದಲ್ಲಿದ್ದ ದೊರೆಯ ಚಾಪೆಯ ಮೇಲೆ ಕೂತರಂತೆ. ಕರೆಯದೆ, ದಿಟ್ಟಿಸದೆ, ಬೆನ್ನು ತಿರುಗಿಸಿ, ನಿಧಾನವಾಗಿ ಉಸಿರಾಡುತ್ತ, ದೊರೆಗೆ ಒಡತಿ ಕಲಿಸಿದ ಹಾಗೆಯೇ. ಕೊನೆಗೆ ಪುಟ್ಟಿ ಹೊರಬಂದು ಅವರ ಬೆನ್ನಿಗೆ ಒರಗಿದಳಂತೆ.

"ಹೆಡ್‌ಮೇಡಂ ಹತ್ರ ಇದನ್ನ ಹೇಳ್ದೆ, ನಿಮ್ಮನ್ನ ಹೊಗಳೋಣ ಅಂತ. 'ಹಾಗಾದ್ರೆ ನೀವೇ ಸಾಕಲ್ಲ, ನಿಮ್ಮ ಕೂದಲೂ ಉದುರಲ್ಲ' ಅಂದುಬಿಟ್ರು."

"ನೀವೇನಂದ್ರಿ?"

"ಏನೂ ಅನ್ಲಿಲ್ಲ."

ಅವಳ ಮೈ ಉರಿಯಿತು. ತಟ್ಟೆ ಬಿದ್ದರೂ ಬೆಚ್ಚದಂತೆ, ಬಾಲ ಎಳೆದರೂ ಗುರ್ರೆನ್ನದಂತೆ ಆ ಜೀವವನ್ನು ತಾನು ಹದಗೊಳಿಸಿದ್ದನ್ನೆಲ್ಲ ಹೆಡ್‌ಮೇಡಂ ಒಂದೇ ಮಾತಿನಲ್ಲಿ ಗುಡಿಸಿ ಹಾಕಿದ್ದರು. ತನಗೆ ಸಿಕ್ಕ ಹೊಗಳಿಕೆಯೇ ತನ್ನನ್ನು ಹೊರಗೆ ತಳ್ಳಿತ್ತು.

"ನೀವು ಒಳ್ಳೆಯವರು ಮೇಷ್ಟ್ರೇ, ಅದೇ ಕಷ್ಟ. ಬಾಯಿ ಬಿಡಬೇಕಾದಾಗ ಬಿಡಲ್ಲ. ಪುಟ್ಟಿ ಕೈ ಕಚ್ಚಿಕೊಳ್ಳೋಕೆ ಹೋದ್ರೆ ದೊರೆ ಮಧ್ಯೆ ಮೂಗು ತೂರಿಸ್ತಾನೆ. ನೀವು ತೂರಿಸ್ತೀರಾ?"

"ಇಲ್ಲ."

ನಗು ಬರುವಂತಿತ್ತು, ಬರಗೊಡಲಿಲ್ಲ. "ಹೋಗ್ಲಿ, ಅವಳು ಆವತ್ತು ಏನು ಮಾಡಿದ್ಳು, ಸುಮ್ನೆ ಒರಗಿದ್ಳಾ?"

"ಒಂದು ಮಾತು ಕೇಳಿದ್ಳು. 'ದೊರೆ ಯಾವಾಗ ಬರ್ತಾನೆ?' ಅಂತ."

ಅವಳು ಎದ್ದು ನಿಂತಳು. "ಪುಟ್ಟಿ ಮಾತಾಡಿದ್ಳು. ಅದನ್ನ ಬಿಟ್ಟು ನಿಮ್ಮ ಬೆನ್ನಿನ ಕಥೆ ಹೇಳಿ ಬಂದ್ರಾ?"

ಮೇಷ್ಟ್ರ ಮುಖ ಬಿಳಿಚಿತು. ಅಲ್ಲೇ ಫೋನ್ ತೆಗೆದು ನಂಬರು ಒತ್ತಿದರು.

"ಹೆಡ್‌ಮೇಡಂ, ನಾನು ನಾಯಿ ಅಲ್ಲ." ಗಂಟಲು ಸರಿಮಾಡಿಕೊಂಡರು. "ಪುಟ್ಟಿ ಆವತ್ತು ಬಾಯಿಬಿಟ್ಟು ದೊರೆಯನ್ನ ಕೇಳಿದ್ಳು. ನಾನು ಹೇಳಬೇಕಿತ್ತು, ಹೇಳ್ಲಿಲ್ಲ. ದೊರೆ ಬರದಿದ್ರೆ ಆ ಚಾಪೆ ಮೇಲೆ ನಾನೂ ಕೂರಲ್ಲ. ಯಾಕೆ ಬರ್ಲಿಲ್ಲ ಅಂತ ಮಗೂಗೆ ನೀವೇ ಹೇಳಿ."

ಆ ಕಡೆಯ ಉತ್ತರ ಕೇಳಿಸಿಕೊಂಡು ಮೇಷ್ಟ್ರು ಫೋನ್ ಕೆಳಗಿಳಿಸಿದರು.

"ನಾಳೆ ಬರಲಂತೆ," ಎಂದರು. "ಆಮೇಲೆ ನೋಡೋಣ ಅಂದ್ರು."

"ಆಮೇಲೆ ನೋಡೋಕೆ ಇದೇನು ಸಂತೆಯ ಬದನೆಕಾಯಾ?"

ಮೇಷ್ಟ್ರು ಹೋಗಲಿಲ್ಲ. ಕಿವಿ ಕೆಂಪಾಗಿತ್ತು, ಆದರೆ ಈ ಸಲ ನೋಟ ಕದಲಲಿಲ್ಲ. "ಇಲ್ಲಿಗೆ ಬರೋಕೆ ಪ್ರತಿ ಸಲ ದೊರೆಯ ನೆಪ ಹುಡುಕಿ ಸಾಕಾಗಿದೆ ನಂಗೆ. ನೆಪ ಇಲ್ಲದೆ ಬರಬಹುದಾ, ಯಾವಾಗ್ಲೂ?"

ಅವಳ ಎದೆ ಒಮ್ಮೆ ತಪ್ಪಿ ಬಡಿಯಿತು. "ನಂಗಿನ್ನೂ ಸಿಟ್ಟಿದೆ. ಮನೆಗೆ ಹೋಗಿ."

ಅವರು ತಲೆತಗ್ಗಿಸಿ ಮೆಟ್ಟಿಲಿಳಿಯುವುದನ್ನು ಕಿಟಕಿಯಿಂದ ನೋಡಿದಳು. ನಾಳೆ ಹೆಡ್‌ಮೇಡಂ ಕೋಣೆಗೆ ಕರೆಯದಿದ್ದರೂ ತಾನೇ ಹೋಗುವುದು, ದೊರೆಯ ದಿನಗಳನ್ನು ಖಾಯಂ ಮಾಡಿಸದೆ ಕುರ್ಚಿ ಬಿಟ್ಟು ಏಳದಿರುವುದು. ಅದಾದ ಮೇಲೆ ಮೇಷ್ಟ್ರು ಇನ್ನೊಮ್ಮೆ ಕೇಳಿದರೆ, ಹೂಂ ಎನ್ನುವುದು. ಮೊದಲು ಪುಟ್ಟಿಯ ಸರದಿ.

ನಿರ್ಧಾರವಾಗಿತ್ತು. ಯಾರಿಗೂ ಹೇಳಲಿಲ್ಲ, ದೊರೆಗೂ.