ಮೂರನೆಯ ಕೂಗು

ಗುಂಡ್ಲುಪೇಟೆ ಕಚೇರಿಯ ಕಂಪ್ಯೂಟರ್ ಲೈನು ನಿಧಾನವಾಗಿದೆ, ಸರಿಮಾಡಿಕೊಡಿ ಎಂದು ೧೯೯೮ರಲ್ಲಿ ನನ್ನನ್ನು ಚಾಮರಾಜನಗರದಿಂದ ಕರೆಸಿದರು. ಅಲ್ಲಿದ್ದದ್ದು ಮಲ್ಟಿಕಾಸ್ಟ್. ಯಾರಿಗೆ ಬೇಕು ಎಂದು ರೂಟರ್ ನಿಮಿಷಕ್ಕೊಮ್ಮೆ ಕೂಗುತ್ತದೆ. ಓಗೊಟ್ಟ ಕಂಪ್ಯೂಟರುಗಳಿಗೆಲ್ಲ ಒಂದೇ ಸುದ್ದಿ ಹಂಚುತ್ತದೆ. ಓಗೊಟ್ಟವುಗಳ ಪಟ್ಟಿಯನ್ನು ರೂಟರಿನಲ್ಲಿ ತೆಗೆದು ನೋಡಿದೆ; ಎಲ್ಲವೂ ಮೊದಲ ಕೂಗಿಗೇ ಓಗೊಟ್ಟವು. ಒಂದು ಮಾತ್ರ ಪ್ರತಿಸಲವೂ ಮೂರನೆಯದಕ್ಕೆ. “ಯಾವುದಮ್ಮ ಈ ಸೋಮಾರಿ?” ಎಂದು ರೇಗಿದೆ.

“ಮಹಾಲಿಂಗಣ್ಣಂದು ಸಾ,” ಎಂದಳು ಟೈಪಿಸ್ಟ್ ಶಿವಲಕ್ಷ್ಮಿ. “ಓದ ತಿಂಗ್ಳು ತೀರ್ಕೊಂಡ್ರಲ್ಲ, ಅವತ್ತೇ ಅದ್ರ ಕರೆಂಟ್ ತೆಗ್ದುಬುಟ್ಟೊ. ಮೊದ್ಲ ಕೂಗು ದೆವ್ವದ್ದು ಅಂತ ನಾವು ಮೂರು ಸಲ ಕೂಗ್ದೆ ಅವ್ರು ಓಗೊಡ್ತಿರ್ಲಿಲ್ಲ ಸಾ.”

ಆ ಕಂಪ್ಯೂಟರಿನ ನೆಟ್‌ವರ್ಕ್ ತಂತಿಯನ್ನೂ ಕಿತ್ತೆ. ನಡುಮಧ್ಯಾಹ್ನದ ಸೆಕೆಯಲ್ಲೂ ಅದು ಬಾವಿಹಗ್ಗದಂತೆ ತಣ್ಣಗಿತ್ತು, ಒದ್ದೆಯಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ರೂಟರಿನ ಪಟ್ಟಿ ನೋಡುತ್ತ ಕೂತೆ.

ಮಹಾಲಿಂಗನ ಕಂಪ್ಯೂಟರು ಈ ಸಲ ಮೊದಲ ಕೂಗಿಗೇ ಓಗೊಟ್ಟಿತು.